ಬೆಳ್ಳಮ್ಮನ ಹಾಡಿಗೆ ಬಿದ್ದ ಬೀಗ

ಒಣಗಿದ ಬೆಂಡೆಕಾಯಿಯೊಳಗೆ ಬೀಜ ಅಲ್ಲಾಡಿದಂಥ ಒಂದು ಸಣ್ಣ ಸದ್ದು. ರಾತ್ರಿ ಹನ್ನೊಂದೂವರೆಗೆ, ಊಟದ ಮೇಜಿನ ಮೇಲಿದ್ದ ಕೀಬೋರ್ಡನ್ನು ಎತ್ತಿ ಪಕ್ಕಕ್ಕಿಡುವಾಗ ಸುಮನಾಳಿಗೆ ಅದು ಕೇಳಿಸಿತು. ಕೈ ಅಲ್ಲೇ ನಿಂತಿತು. ಯಾವ ಸದ್ದನ್ನೂ ಸುಮ್ಮನೆ ಬಿಡುವ ಜಾಯಮಾನ ಅವಳದಲ್ಲ. ಕುಕ್ಕರ್ ಒಂದು ಸೀಟಿ ತಡಮಾಡಿದರೂ ಅಡುಗೆಮನೆಗೆ ಓಡುವವಳು. ಆದರೆ ಆ ಹೊತ್ತಿಗೆ ಅವಳ ತಲೆಯೊಳಗೇ ಬೇಕಾದಷ್ಟು ಗದ್ದಲವಿತ್ತು. ಹಳೇ ಸಾಮಾನು, ಒಳಗೆ ಏನೋ ಸಡಿಲಾಗಿರಬೇಕು ಎಂದುಕೊಂಡು ದೀಪ ಆರಿಸಿದಳು.

ಮಲಗಿದರೂ ನಿದ್ದೆ ಹತ್ತಲಿಲ್ಲ. ನಾಳೆ ಹನ್ನೊಂದು ಗಂಟೆಗೆ ಗಿಡ್ಡಯ್ಯ ಬರುತ್ತಾನೆ. ಅವನಿಗೆ ಏನೆಂದು ಹೇಳುವುದು?

ಮುತ್ತಿನಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಊರಿನವರೇ ಸೇರಿ ನಡೆಸುವ ಒಂದು ಕೋಣೆಯ ಓದುಮನೆ ಇದೆ. ಅದರ ಬೀಗದ ಕೈ ಆರು ವರ್ಷದಿಂದ ಸುಮನಾಳ ಹತ್ತಿರ. ಅಲ್ಲಿನ ಕಂಪ್ಯೂಟರನ್ನು ಶೃಂಗೇರಿಯ ರವಿಶಂಕರ ಮೇಷ್ಟ್ರು ಕೊಟ್ಟದ್ದು. ಕಾಲೇಜಿನಿಂದ ನಿವೃತ್ತರಾದ ಮೇಲೆ ಅವರು ಸುತ್ತಲಿನ ಊರೂರು ತಿರುಗಿ ಹೆಂಗಸರ ಸೋಬಾನೆ ಹಾಡುಗಳನ್ನು ಧ್ವನಿಮುದ್ರಣ ಮಾಡಿಕೊಂಡಿದ್ದರು. ಹಾಡುಗಳನ್ನೂ ಯಂತ್ರವನ್ನೂ ಒಟ್ಟಿಗೇ ಓದುಮನೆಗೆ ಒಪ್ಪಿಸಿ, "ಹಳೇ ಮಿಷಿನ್ನು, ಆದ್ರೆ ಲಿನಕ್ಸ್ ಹಾಕಿದೀನಿ, ಇನ್ನೂ ಹತ್ತು ವರ್ಷ ಓಡ್ತದೆ" ಎಂದಿದ್ದರು. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದನ್ನೆಲ್ಲ ಸುಮನಾ ನೋಟುಪುಸ್ತಕದಲ್ಲೇ ಬರೆಯುತ್ತಿದ್ದಳು. ಹಾಗಾಗಿ ಕಂಪ್ಯೂಟರಿನಲ್ಲಿ ಟೈಪು ಮಾಡುವವರು ಯಾರೂ ಇರಲಿಲ್ಲ. ಮಕ್ಕಳು ಬಂದು ಮೌಸ್ ಹಿಡಿದು ಚಿತ್ರ ನೋಡುವರು, ಇಸ್ಪೀಟು ಆಡುವರು.

ಹಾಗೆ ಆಡುತ್ತಲೇ ಬೇಸಿಗೆ ರಜೆಯಲ್ಲಿ ಯಾರೋ ಎರಡು ಹಾಡುಗಳನ್ನು ಅಳಿಸಿಹಾಕಿದ್ದರು. ಸುಮನಾ ಮೇಷ್ಟ್ರಿಗೆ ಫೋನು ಮಾಡಿ, ಅವರು ಹೇಳಿದ ಹಾಗೆ ಉಳಿದ ಹಾಡುಗಳನ್ನೆಲ್ಲ ಮಕ್ಕಳ ಕೈಗೆ ಸಿಗದ ಕಡೆ ಇಟ್ಟಳು. ಅಂದಿನಿಂದ ಪರದೆಯ ಮೇಲೆ ಎರಡು ಹೆಸರು. 'ಓದುಗರು' ಎಂಬುದನ್ನು ಯಾರು ಒತ್ತಿದರೂ ತೆರೆದುಕೊಳ್ಳುತ್ತದೆ. 'ಅಡ್ಮಿನ್' ಎಂಬುದು ಪಾಸ್‌ವರ್ಡ್ ಕೇಳುತ್ತದೆ. ಯಂತ್ರದ ಯಜಮಾನಿಕೆಯೂ ಹಾಡುಗಳೂ ಅದರೊಳಗೆ. ಪಾಸ್‌ವರ್ಡಿನಲ್ಲಿ ಇಂಗ್ಲಿಷಿನ ಒಂದು ದೊಡ್ಡಕ್ಷರ, ಒಂದು ಚಿಹ್ನೆ, ಒಂದು ಅಂಕಿ ಇರಲೇಬೇಕೆಂದು ಮೇಷ್ಟ್ರು ಹೇಳಿದ್ದರು. ಅವಳು ಹಾಗೆಯೇ ಹತ್ತು ಅಕ್ಷರದ್ದೊಂದನ್ನು ಮಾಡಿ, ಅಡುಗೆ ಬರೆದುಕೊಳ್ಳುವ ಪುಸ್ತಕದ ಕೊನೆಯ ಹಾಳೆಯಲ್ಲಿ ಹಲಸಿನ ಹಪ್ಪಳದ ಅಳತೆಯ ಕೆಳಗೆ ಬರೆದಿಟ್ಟಿದ್ದಳು.

ಇವತ್ತು ಸಂಜೆ ಅದನ್ನೇ ಒತ್ತಿದರೆ ಯಂತ್ರ ಒಪ್ಪಲಿಲ್ಲ. ತಪ್ಪು ಎಂದಿತು. ಪುಸ್ತಕ ತೆರೆದು ಒಂದೊಂದೇ ಅಕ್ಷರ ನೋಡಿ ಒತ್ತಿದಳು. ಒತ್ತಿದ್ದಕ್ಕೆಲ್ಲ ಪರದೆಯ ಮೇಲೆ ಬರೀ ಚುಕ್ಕಿ. ಎಣಿಸಿದಳು, ಹತ್ತಕ್ಕೆ ಹತ್ತು ಇದ್ದವು. ಆದರೂ ತಪ್ಪು. ಗಂಡ ಮಹೇಶ್ವರನನ್ನು ಕರೆಸಿ, ಆಟೋದಲ್ಲಿ ಇಡೀ ಸೆಟ್ಟನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಜೋಡಿಸಿ ರಾತ್ರಿಯವರೆಗೆ ಒತ್ತಿದ್ದೇ ಒತ್ತಿದ್ದು.

ಗಿಡ್ಡಯ್ಯ ಕಡಹಿನಬೈಲಿನವನು, ತೋಟದ ಕೆಲಸಕ್ಕೆ ಹೋಗುವವನು. ನಾಡಿದ್ದು ಅವನ ಮಗಳು ನಿಶ್ಚಿತಾಳ ಮದುವೆ, ನಾಳೆ ಸಂಜೆ ಅರಿಶಿನದ ಶಾಸ್ತ್ರ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅಜ್ಜಿ ಬೆಳ್ಳಮ್ಮ. ಊರಿನಲ್ಲಿ ಯಾರ ಮನೆಯ ಅರಿಶಿನಕ್ಕೂ ಬೆಳ್ಳಮ್ಮನೇ ಹಾಡಬೇಕಿತ್ತು. ಮೊಮ್ಮಗಳ ಸರದಿ ಬರುವಷ್ಟರಲ್ಲಿ ಅವಳೇ ಇಲ್ಲವಾಗಿ ಮೂರು ವರ್ಷವಾಗಿತ್ತು. ಅವಳ ಹಾಡು ಗಿಡ್ಡಯ್ಯನ ಫೋನಿನಲ್ಲೂ ಇತ್ತು, ಆ ಫೋನು ಗದ್ದೆಯ ಕೆಸರಿಗೆ ಬಿದ್ದು ಹಾಳಾಯಿತು. ಮೇಷ್ಟ್ರ ಹತ್ತಿರ ಇದ್ದದ್ದು ಅವರ ಲ್ಯಾಪ್‌ಟಾಪ್ ಕೆಟ್ಟಾಗ ಅದರ ಜೊತೆಗೇ ಹೋಯಿತು. ಉಳಿದದ್ದು ಓದುಮನೆಯಲ್ಲಿ ಮಾತ್ರ. ಹೋದ ವಾರ ಗಿಡ್ಡಯ್ಯ ಬಂದು ಬಾಗಿಲಲ್ಲೇ ನಿಂತು ಕೇಳಿದ್ದ:

"ಅಜ್ಜಿ ಹಾಡು ಇಲ್ದೆ ನಂಗೆ ಅರಿಶಿನ ಹಚ್ಚಬ್ಯಾಡಿ ಅಂತ ಕೂತೈತೆ ಕೂಸು. ನಿಮ್ಮತ್ರ ಭದ್ರ ಐತಲ್ಲ ಅಮ್ಮಾರೆ?"

"ಬೀಗ ಹಾಕಿಟ್ಟಿದೀನಿ ಗಿಡ್ಡಯ್ಯ. ಎಲ್ಲೂ ಹೋಗಲ್ಲ" ಎಂದಿದ್ದಳು ಸುಮನಾ.

ಆ ಮಾತು ಈಗ ಕತ್ತಲಲ್ಲಿ ಅವಳನ್ನು ಚುಚ್ಚುತ್ತಿತ್ತು. ಪುಸ್ತಕದಲ್ಲಿದ್ದದ್ದನ್ನೇ ಒತ್ತಿಯೂ ಬಾಗಿಲು ತೆರೆಯಲಿಲ್ಲವೆಂದ ಮೇಲೆ ಯಾರೋ ಅದನ್ನು ಬದಲಿಸಿದ್ದಾರೆ. ಯಾರು? ಓದುಮನೆಯ ಕಾರ್ಯದರ್ಶಿ ಅರುಣನ ಮುಖ ಕಣ್ಣ ಮುಂದೆ ಬಂತು. ಅವನಿಗೆ ನರಸಿಂಹರಾಜಪುರದಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಅಂಗಡಿ. ದಸರಾ ಮೀಟಿಂಗಿನಲ್ಲಿ "ಈ ಡಬ್ಬಾನ ಗುಜರಿಗೆ ಹಾಕಿ ಹೊಸದು ತರಣ" ಎಂದು ಎಲ್ಲರನ್ನೂ ನಗಿಸಿದ್ದ. ಸುಮನಾ ಫೋನು ತೆಗೆದು ಬರೆದಳು: "ಅರುಣ, ಪಾಸ್‌ವರ್ಡ್ ಬದಲಿಸಿದ್ದೀಯಾ?" ಇದು ಕಳ್ಳನನ್ನು ಕೇಳಿದ ಹಾಗಾಯಿತು. ಅಳಿಸಿ, "ಪಾಸ್‌ವರ್ಡ್ ಬದಲಾದ ಹಾಗಿದೆ, ನಿನಗೇನಾದರೂ ಗೊತ್ತಾ?" ಎಂದು ಬರೆದಳು. ಇದು ಕುಹಕದ ಹಾಗಿತ್ತು. ನಾಲ್ಕು ಸಲ ತಿದ್ದಿ, ಕಳಿಸದೆ, ಫೋನನ್ನು ದಿಂಬಿನ ಕೆಳಗಿಟ್ಟಳು.

ಬೆಳಗ್ಗೆ ಆರೂವರೆಗೇ ಶೃಂಗೇರಿಗೆ ಫೋನು ಹಚ್ಚಿದಳು. ರವಿಶಂಕರ ಮೇಷ್ಟ್ರು ಆಗಲೇ ಸ್ನಾನ, ಜಪ ಮುಗಿಸಿ ಕಾಫಿಗೆ ಕೂತಿದ್ದರು.

"ಅದಕ್ಕೆ ಹಿಂಗ್ ಉಸಿರು ಬಿಡೋದೆಂತಕ್ಕೆ ಮಾರಾಯ್ತಿ? ನಾನು ಯಾರೋ ಹೋಗಿಬಿಟ್ರು ಅಂದ್ಕೊಂಡೆ" ಎಂದರು. "ಮುಂಬಾಗಿಲ ಕೀ ಕಳೆದ್ರೆ ಹಿತ್ತಲ ಬಾಗಿಲಿರ್ತದೆ. ಬರ್ಕೋ."

ಅವಳು ಅಡುಗೆ ಪುಸ್ತಕದಲ್ಲೇ ಬರೆದುಕೊಂಡಳು. ಮೊದಲು ಯಂತ್ರವನ್ನು ಪೂರ್ತಿ ಆರಿಸಬೇಕು. ಮತ್ತೆ ಹಾಕಿದ ಕೂಡಲೇ ಶಿಫ್ಟ್ ಕೀ ಒತ್ತಿ ಹಿಡಿದುಕೊಳ್ಳಬೇಕು. ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ರಿಕವರಿ ಎಂಬುದನ್ನು ಆರಿಸಿದರೆ ಯಂತ್ರ ಪಾಸ್‌ವರ್ಡ್ ಕೇಳದೆ ಯಜಮಾನನನ್ನೇ ಒಳಗೆ ಬಿಟ್ಟ ಹಾಗೆ ಬಿಡುತ್ತದೆ. ಅಲ್ಲಿ ಎರಡೇ ಸಾಲು ಹೊಡೆದರೆ ಹಳೇ ಪಾಸ್‌ವರ್ಡ್ ಹೋಗಿ ಹೊಸದು ಕೂರುತ್ತದೆ.

"ಹಾಗಾದ್ರೆ ಯಾರು ಬೇಕಾದ್ರೂ ಒಳಗೆ ಬರಬಹುದಲ್ಲ ಸರ್?" ಎಂದಳು ಸುಮನಾ ಗಾಬರಿಯಿಂದ.

"ಯಂತ್ರದ ಎದುರಿಗೆ ಬಂದು ಕೂತವರು ಬರಬಹುದು. ಮೊದ್ಲು ನೀನು ಒಳಗೆ ಹೋಗು, ಆಮೇಲೆ ಬೇರೆಯವರ ಚಿಂತೆ ಮಾಡುವಿಯಂತೆ. ಪಟ್ಟಿ ಬಂದ ಮೇಲೆ ಫೋನ್ ಮಾಡು."

ಪಟ್ಟಿ ಬರಲಿಲ್ಲ. ಯಂತ್ರವನ್ನು ಆರಿಸಿ ಹಾಕಿದಳು, ಎಡಗೈಯ ಕಿರುಬೆರಳಿನಿಂದ ಶಿಫ್ಟ್ ಒತ್ತಿ ಹಿಡಿದಳು. ಅದು ಯಾವಾಗಿನಂತೆ ಗುಂಯ್‌ಗುಟ್ಟಿ ನೇರವಾಗಿ ಎರಡು ಹೆಸರಿನ ಪರದೆಗೇ ಬಂದು ನಿಂತಿತು. ಬೇಗ ಒತ್ತಿದಳು. ತಡವಾಗಿ ಒತ್ತಿದಳು. ಉಸಿರು ಹಿಡಿದುಕೊಂಡು ಒತ್ತಿದಳು. ಆರು ಸಲ ಆಯಿತು.

ಮಹೇಶ್ವರ ಕೊಪ್ಪಕ್ಕೆ ಹೊರಟವನು ಚಪ್ಪಲಿ ಮೆಟ್ಟುತ್ತ, "ಅರುಣನಿಗೆ ಹೇಳಿದೀನಿ, ಫೋನ್ ಮಾಡ್ತಾನೆ" ಎಂದ. ಸುಮನಾ ಬೆಚ್ಚಿದಳು. "ಏನಂತ ಹೇಳಿದ್ರಿ?"

"ಕಂಪ್ಯೂಟರ್ ಹಠ ಹಿಡಿದಿದೆ ಅಂತ. ಇನ್ನೇನು ಹೇಳಲಿ?"

ಅವನು ಗೇಟು ದಾಟುವಷ್ಟರಲ್ಲಿ ಅರುಣನ ಫೋನು ಬಂದೇಬಿಟ್ಟಿತು.

"ಅಕ್ಕಾ, ಎಂತಕ್ಕೆ ತಲೆ ಕೆಡಿಸ್ಕೋತೀರಿ? ಅಂಗಡಿಗೆ ತಂದ್ಬಿಡಿ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ಕೊಡ್ತೀನಿ. ಅರ್ಧ ದಿನದ ಕೆಲ್ಸ."

"ಹಾಡುಗಳು?"

"ಅದ್ರಲ್ಲಿರೋದೆಲ್ಲ ಹೋಗ್ತದೆ. ಸೋಬಾನೆ ಪದ ಯೂಟ್ಯೂಬಲ್ಲಿ ರಾಶಿ ಇದೆಯಲ್ಲಕ್ಕ, ಒಂದು ಇಳಿಸ್ಕೊಟ್ರೆ ಆಯ್ತು."

"ಅದು ಬೆಳ್ಳಮ್ಮಂದಲ್ಲ ಅರುಣ."

"ಅದೂ ಹೌದು" ಎಂದ ಅವನು, ದನಿ ತಗ್ಗಿಸಿ.

ಸುಮನಾ ಮಾತನ್ನು ತೂಗಿ ನೋಡಿ ಕೇಳಿದಳು: "ದಸರಾ ಹಬ್ಬ ಆದ್ಮೇಲೆ ಅದನ್ನ ಯಾರಾದ್ರೂ ಮುಟ್ಟಿದ್ರಾ? ನಿನಗೇನಾದ್ರೂ ನೆನಪಿದೆಯಾ?"

"ನಂಗೇನು ಗೊತ್ತಕ್ಕ? ಆಯುಧ ಪೂಜೆ ದಿನ ನೀವು ಮಂಗಳಾರತಿ ಎತ್ತಿದಾಗ ಪ್ರಸಾದದ ಚರ್ಪು ತಿನ್ನಕ್ಕೆ ಬಂದಿದ್ದೇ ಕೊನೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಬೈತಾ ಇದೀರಾ ಅದಕ್ಕೆ?"

"ಇಲ್ಲಪ್ಪ, ಸುಮ್ನೆ ಕೇಳಿದೆ."

ಫೋನಿಟ್ಟಳು. ಅವನ ದನಿಯಲ್ಲಿ ಕಪಟ ಕಾಣಲಿಲ್ಲ. ಕಾಣದಿದ್ದದ್ದೇ ಅವಳಿಗೆ ಇನ್ನಷ್ಟು ಕಷ್ಟವಾಯಿತು. ಅವನೂ ಅಲ್ಲವೆಂದ ಮೇಲೆ ಇನ್ನು ಯಾರನ್ನು ಹಿಡಿಯುವುದು? ಗಂಟೆ ಒಂಬತ್ತಾಗಿತ್ತು. ಗಿಡ್ಡಯ್ಯ ಮನೆ ಬಿಡುವ ಹೊತ್ತು. ಬಸ್ಸು ಹತ್ತುವ ಮೊದಲೇ ಹೇಳಿಬಿಡುವುದು ಒಳ್ಳೆಯದೇನೋ. ಆದರೆ 'ನಿಮ್ಮವ್ವನ ಹಾಡು ಇದೆ, ನನ್ನಿಂದ ತೆಗೆಯಲಾಗುತ್ತಿಲ್ಲ' ಎಂಬುದನ್ನು ಯಾವ ಮಾತಿನಲ್ಲಿ ಹೇಳಿದರೆ ನೋವು ಕಡಿಮೆಯಾದೀತು?

ಅತ್ತೆ ಸುಲೋಚನಮ್ಮ ಮೇಜಿನ ಆ ತುದಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇಷ್ಟು ಹೊತ್ತೂ ಸೊಸೆಯ ಬೆರಳನ್ನೇ ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಆದರೆ ರಂಗೋಲಿಯ ಎರಡು ಮಗ್ಗುಲೂ ಒಂದೇ ಸಮ ಇದೆಯೋ ಇಲ್ಲವೋ ಎಂಬುದು ದೂರದಿಂದಲೇ ಗೊತ್ತಾಗುವ ಕಣ್ಣು.

"ಅಲ್ವೇ, ಬೆಳಗ್ಗಿಂದ ಅದೊಂದನ್ನೇ ಎಂತಕ್ಕೆ ಒತ್ತೋದು? ಬಲಗಡೆಗೂ ಅದೇ ತರದ್ದೊಂದು ಇದ್ಯಲ್ಲ" ಎಂದರು.

"ಎಲ್ಲಿ?"

"ನೋಡು, ಅಲ್ಲಿ. ಅದೇ ಬರಹ, ಅದೇ ಬಾಣ. ಜೋಡಿ ಮಾಡಿದಾರೆ ಅಂದ್ಮೇಲೆ ಒಂದು ಕೆಟ್ರೆ ಇನ್ನೊಂದಿರ್ಲಿ ಅಂತ್ಲೇ ಅಲ್ವಾ?"

ಸುಮನಾ ಎಲ್ಲೂ ಟೈಪಿಂಗ್ ಕಲಿತವಳಲ್ಲ. ಎರಡು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವವಳು. ಶಿಫ್ಟ್ ಎಂದರೆ ಅವಳಿಗೆ ಎಡಗಡೆಯದೇ. ಬಲಗಡೆಯದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅತ್ತೆಯ ಮಾತು ತೆಗೆದುಹಾಕಬಾರದೆಂದು ಇನ್ನೊಮ್ಮೆ ಆರಿಸಿ ಹಾಕಿದಳು, ಬಲಗಡೆಯ ಶಿಫ್ಟನ್ನು ಒತ್ತಿ ಹಿಡಿದಳು.

ಪರದೆ ಕಪ್ಪಾಯಿತು. ಕಪ್ಪಿನ ಮೇಲೆ ಬಿಳಿ ಸಾಲುಗಳ ಒಂದು ಪಟ್ಟಿ ಮೂಡಿ ನಿಂತಿತು. ಎರಡನೆಯ ಸಾಲಿನಲ್ಲಿ ರಿಕವರಿ ಎಂದಿತ್ತು.

"ಬಂತು!" ಎಂದು ಕೂಗಿಬಿಟ್ಟಳು. ಬುಟ್ಟಿಯಿಂದ ನಾಲ್ಕು ಅವರೆಕಾಯಿ ಕೆಳಗೆ ಉರುಳಿದವು.

ಮೇಷ್ಟ್ರಿಗೆ ಫೋನು ಮಾಡಿ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. "ಬಂತಾ? ಗಟ್ಟಿಗಿತ್ತಿ! ಈಗ ಬಾಣದ ಕೀ ಒತ್ತಿ ಎರಡನೇದಕ್ಕೆ ಇಳಿ. ಹಳೇದನ್ನ ಕಿತ್ತು ಹೊಸದು ಹಾಕಣ" ಎಂದರು.

ಬೆರಳು ಬಾಣದ ಕೀ ಮೇಲಿತ್ತು. ಅದು ಅಲ್ಲೇ ನಿಂತಿತು. ಎಡಗಡೆಯದು ಕೆಲಸ ಮಾಡಲಿಲ್ಲ, ಬಲಗಡೆಯದು ಮಾಡಿತು. ಹಾಗಾದರೆ ನಿನ್ನೆಯಿಂದ ಪಾಸ್‌ವರ್ಡಿನ ದೊಡ್ಡಕ್ಷರಕ್ಕೂ ಚಿಹ್ನೆಗೂ ತಾನು ಒತ್ತುತ್ತಿದ್ದ ಶಿಫ್ಟ್ ಯಾವುದು? ಅದು ಸತ್ತಿದ್ದರೆ ದೊಡ್ಡಕ್ಷರ ಸಣ್ಣದಾಗಿಯೇ ಹೋಗಿರುತ್ತದೆ, ಚಿಹ್ನೆಯ ಜಾಗದಲ್ಲಿ ಬರೀ ಅಂಕಿ ಹೋಗಿರುತ್ತದೆ. ಚುಕ್ಕಿ ಮಾತ್ರ ಹತ್ತಕ್ಕೆ ಹತ್ತು.

"ಸರ್, ಒಂದು ನಿಮಿಷ" ಎಂದಳು.

ರಿಕವರಿಗೆ ಇಳಿಯದೆ, ಯಂತ್ರವನ್ನು ಎಂದಿನಂತೆ ತೆರೆಯುವ ಮೊದಲನೆಯ ಸಾಲನ್ನೇ ಒತ್ತಿದಳು. ಎರಡು ಹೆಸರುಗಳು ಬಂದವು. ಅಡ್ಮಿನ್ ಮೇಲೆ ಒತ್ತಿ, ಪುಸ್ತಕವನ್ನೂ ನೋಡದೆ, ಬಲಗಡೆಯ ಶಿಫ್ಟ್ ಹಿಡಿದು ಹಳೇ ಪಾಸ್‌ವರ್ಡನ್ನೇ ಹೊಡೆದಳು. ಎಂಟರ್ ಒತ್ತುವಾಗ ಕಣ್ಣು ಮುಚ್ಚಿಕೊಂಡಿದ್ದಳು.

"ಎಂತದೇ ಅದು, ಹಸಿರು ಬಂತು" ಎಂದರು ಅತ್ತೆ.

ಕಣ್ಣು ಬಿಟ್ಟರೆ ಅಡ್ಮಿನ್‌ನ ಹಸಿರು ಪರದೆ. ಎಡಗಡೆ ಸಾಲಾಗಿ ಫೋಲ್ಡರುಗಳು. 'ಸೋಬಾನೆ' ಎಂಬುದರೊಳಗೆ 'ಕಡಹಿನಬೈಲು', ಅದರೊಳಗೆ ಬೆಳ್ಳಮ್ಮನ ಹೆಸರಿನಲ್ಲಿ ಹನ್ನೊಂದು ಹಾಡು. ಒಂದೂ ಅಲುಗಾಡಿರಲಿಲ್ಲ. ಸುಮನಾ ಕುರ್ಚಿಗೆ ಒರಗಿದಳು. ನಿನ್ನೆ ಸಂಜೆಯಿಂದ ಬಿಗಿಹಿಡಿದಿದ್ದ ಭುಜಗಳು ಆಗ ಕೆಳಗಿಳಿದವು.

"ಏನಾಯ್ತು? ಒಳಗೆ ಹೋದ್ಯಾ?" ಫೋನಿನೊಳಗಿಂದ ಮೇಷ್ಟ್ರು ಕೂಗುತ್ತಿದ್ದರು.

"ಹೋದೆ ಸರ್. ಎಲ್ಲಾ ಇದೆ."

"ನಾನ್ ಹೇಳ್ಲಿಲ್ವಾ? ಹಿತ್ತಲ ಬಾಗಿಲು ಅಂದ್ರೆ ಹಿತ್ತಲ ಬಾಗಿಲೇ!" ಎಂದು ಅವರು ಗಟ್ಟಿಯಾಗಿ ನಕ್ಕರು. ಸುಮನಾ ತಿದ್ದಲು ಬಾಯಿ ತೆರೆದಳು. ಅವರ ಖುಷಿ ಕೇಳಿ ಸುಮ್ಮನಾದಳು.

ಮೊದಲು ಹಾಡುಗಳನ್ನು ಎರಡು ಪೆನ್‌ಡ್ರೈವಿಗೆ ಹಾಕಿದಳು. ಆಮೇಲೆ ತನ್ನ ಫೋನಿಗೂ ಹಾಕಿದಳು. ಮೂರನ್ನೂ ಒಂದೊಂದೇ ತೆರೆದು ಪರೀಕ್ಷಿಸಿದಳು.

ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಗಿಡ್ಡಯ್ಯ ಅಂಗಳಕ್ಕೆ ಬಂದ. ಓದುಮನೆಯ ಬಾಗಿಲು ಹಾಕಿದ್ದು ನೋಡಿ ಕೇಳಿಕೊಂಡು ಬಂದಿದ್ದ. ಹೊಸ ಅಂಗಿ, ಕೈಯಲ್ಲಿ ಸಂತೆಚೀಲ. ಸುಲೋಚನಮ್ಮ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. "ಮೈಕ್‌ಸೆಟ್ಟಿನೋನು ಕಾಯ್ತಾ ಅವ್ನೆ. ಹಾಡು ಸಿಕ್ತಾ ಅಮ್ಮಾರೆ?" ಎಂದ.

ಸುಮನಾ ಪರದೆಯ ಮೇಲಿನ ಮೊದಲ ಹಾಡನ್ನು ಒತ್ತಿದಳು.

ಮೊದಲು ಗಾಳಿಯ ಸದ್ದು. ಒಂದು ಕೆಮ್ಮು. ಆಮೇಲೆ ಸ್ವಲ್ಪ ಒಡಕು ದನಿ: "ಈಗ ಹೇಳ್ಲಾ?" ಯಾರೋ ಹೂಂ ಎಂದರು. ಅಷ್ಟರಲ್ಲಿ ಹಿಂದೆ ಕೋಳಿಯೊಂದು ಕೂಗತೊಡಗಿತು. "ಲೇ ಗಿಡ್ಡಾ, ಆ ಕೋಳಿ ಅಟ್ಟಾ ಆಚೆಗೆ! ಅದು ಹಾಡದಾ, ನಾನ್ ಹಾಡದಾ?"

ಗಿಡ್ಡಯ್ಯ ಸರಕ್ಕನೆ ಬಾಗಿಲ ಕಡೆ ತಿರುಗಿದ, ನಿಜವಾಗಿಯೂ ಕೋಳಿ ಅಟ್ಟಲು ಹೊರಟವನ ಹಾಗೆ. ಎರಡು ಹೆಜ್ಜೆ ಇಟ್ಟು ನಿಂತ. ಹಿಂದೆ ಹಾಡು ಎದ್ದಿತು. ಅವನು ಬೆನ್ನು ಹಾಕಿಯೇ ನಿಂತು ಪೂರ್ತಿ ಕೇಳಿದ. ಆಮೇಲೆ ಚೀಲವನ್ನು ಕೈ ಬದಲಿಸಿಕೊಂಡು, "ಆವತ್ತೂ ನಾನು ಕೋಳಿ ಅಟ್ಟಲಿಲ್ಲ. ಸುಮ್ನೆ ನಗಾಡ್ತಾ ನಿಂತಿದ್ದೆ" ಎಂದ.

"ಆ ಮಾತು ತೆಗೆದು ಬರೀ ಹಾಡು ಇಟ್ಟುಕೊಡಲಾ?" ಎಂದು ಸುಮನಾ ಮೆಲ್ಲಗೆ ಕೇಳಿದಳು.

"ಬ್ಯಾಡಿ ಅಮ್ಮಾರೆ. ಕೋಳಿನೂ ಇರ್ಲಿ. ಕೂಸು ಅಜ್ಜಿ ಬೈಗುಳ ಕೇಳ್ದೆ ಮೂರು ವರ್ಸ ಆತು."

ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೊಂಡು, ಸಂಜೆ ಎಲ್ಲರೂ ಬರಲೇಬೇಕೆಂದು ಎರಡೆರಡು ಸಲ ಹೇಳಿ ಅವನು ಹೋದ. ಸುಲೋಚನಮ್ಮ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದರು.

ಸುಮನಾ ಒಬ್ಬಳೇ ಉಳಿದಳು. ಆಗ ನಿನ್ನೆ ರಾತ್ರಿಯ ಸದ್ದು ನೆನಪಾಯಿತು. ಕೀಬೋರ್ಡನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಣ ಬೆಂಡೆಕಾಯಿಯ ಅದೇ ಸದ್ದು. ಹಳೇ ಪೇಪರು ಹಾಸಿ ಅದನ್ನು ಬೋರಲು ಹಾಕಿ ತಟ್ಟಿದಳು. ಕೂದಲು, ಚಕ್ಕುಲಿಯ ಚೂರು, ಅದರ ಜೊತೆಗೆ ಹಳದಿ ಅಕ್ಕಿಕಾಳುಗಳು. ಎಡಗಡೆಯ ಶಿಫ್ಟಿನ ಕೆಳಗೆ ಹೇರ್‌ಪಿನ್ ತೂರಿಸಿ ಮೀಟಿದಳು. ತುಪ್ಪ, ಗಂಧ, ಕುಂಕುಮ ಎಲ್ಲ ಒಣಗಿ ಕಲ್ಲಿನಂತಾಗಿದ್ದ ಅಂಟಿನ ನಡುವೆ ಎರಡು ಕಾಳು ಅಕ್ಷತೆ ಗೂಟ ಹೊಡೆದ ಹಾಗೆ ಕೂತಿದ್ದವು. ಅವು ಹೊರಬಂದ ಮೇಲೆ ಕೀಯನ್ನು ಒತ್ತಿ ನೋಡಿದಳು. ತಳದವರೆಗೂ ಇಳಿದು ಮೇಲೆದ್ದಿತು.

ಆಯುಧ ಪೂಜೆಯ ದಿನ ಓದುಮನೆಯಲ್ಲಿ ಪೂಜೆ ಮಾಡಿದವಳು ಅವಳೇ. ಬೇರೆಯವರಾಗಿದ್ದರೆ ಪರದೆಗೆ ಒಂದು ಬೊಟ್ಟಿಟ್ಟು ಹೂವೇರಿಸಿ ಕೈಮುಗಿಯುತ್ತಿದ್ದರು. ಅವಳು ಕೀಬೋರ್ಡನ್ನು ಒರೆಸಿ, ನಾಲ್ಕು ಮೂಲೆಗೂ ಗಂಧ ಹಚ್ಚಿ, ಯಾವ ಕೀಗೂ ಕಡಿಮೆಯಾಗಬಾರದೆಂದು ತುಪ್ಪದಲ್ಲಿ ಕಲಸಿದ ಅಕ್ಷತೆಯನ್ನು ಬೊಗಸೆ ತುಂಬ ತೆಗೆದು ಸುರಿದಿದ್ದಳು. ಮಾರನೇ ದಿನದವರೆಗೆ ಮುಟ್ಟಬಾರದೆಂದು ಮೇಲೆ ಸೇವಂತಿಗೆ ಮುಚ್ಚಿದ್ದಳು. ಅದಾದ ಮೇಲೆ ತುಳಸಿ ಪೂಜೆ ಕಳೆದು ಮದುವೆಯ ದಿನಗಳು ಬರುವವರೆಗೆ ಅದರಲ್ಲಿ ಒಂದಕ್ಷರ ಹೊಡೆದವರಿಲ್ಲ. ಅವಳಿಗೆ ನಗು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಫೋನು ಹೊಡೆದುಕೊಂಡಿತು. ಅರುಣ.

"ಅಕ್ಕಾ, ಗಿಡ್ಡಯ್ಯ ಬಸ್ಸಲ್ಲಿ ಸಿಕ್ಕಿದ್ದ. ಹಾಡು ಸಿಕ್ತು ಅಂತ ಊರಿಗೆಲ್ಲ ಸಾರ್ತಾ ಇದಾನೆ. ಹೆಂಗ್ ತೆಗೆದ್ರಿ ಮಾರಾಯ್ರೆ? ನಂಗೂ ಸ್ವಲ್ಪ ಹೇಳ್ಕೊಡಿ, ಅಂಗಡೀಲಿ ಉಪಯೋಗಕ್ಕೆ ಬರ್ತದೆ."

"ರವಿಶಂಕರ ಸರ್ ದಾರಿ ಹೇಳಿದ್ರು. ಅತ್ತೆ ಸಹಾಯ ಮಾಡಿದ್ರು" ಎಂದಳು ಸುಮನಾ. ಎರಡೂ ಸುಳ್ಳಲ್ಲ.

"ಹಂಗಾದ್ರೆ ಆ ಡಬ್ಬಾ ಗುಜರಿಗೆ ಹಾಕೋದು ಬ್ಯಾಡ ಅನ್ನಿ."

"ಬೇಡ" ಎಂದಳು. "ಅರುಣ, ಸಂಜೆ ಅರಿಶಿನಕ್ಕೆ ಬಾ. ಬರ್ತಾ ನಿಮ್ಮ ಅಂಗಡಿಯಿಂದ ಒಂದು ಕೀಬೋರ್ಡ್ ಕವರ್ ತಗೊಂಡ್ಬಾ, ಪ್ಲಾಸ್ಟಿಕ್ಕಿಂದು."

"ಎಂತಕ್ಕಕ್ಕ?"

"ಧೂಳು ಕೂರ್ತದೆ."

ಫೋನಿಟ್ಟು, ರಾತ್ರಿ ಅವನಿಗೆ ಬರೆದು ಕಳಿಸದೆ ಇಟ್ಟಿದ್ದ ಸಾಲನ್ನು ತೆಗೆದು ಅಳಿಸಿದಳು. ಅದನ್ನು ಬರೆದಿದ್ದೆನೆಂದು ಅವನಿಗೂ ಗೊತ್ತಾಗುವುದು ಬೇಡ, ಇನ್ಯಾರಿಗೂ ಬೇಡ. ಪೇಪರಿನ ಮೇಲಿದ್ದ ಕಾಳುಗಳನ್ನು ಆರಿಸಿ ಅಂಗೈಗೆ ಹಾಕಿಕೊಂಡಳು. ಒಟ್ಟು ಏಳಿದ್ದವು. ಹಿತ್ತಲಿಗೆ ಹೋಗಿ ತುಳಸಿಯ ಬುಡದಲ್ಲಿ ಬೆರಳಿನಿಂದ ಸಣ್ಣ ಗುಳಿ ಮಾಡಿ ಹಾಕಿ ಮಣ್ಣು ಮುಚ್ಚಿದಳು.

"ಎಂತ ಹುಗಿತಾ ಇದೀಯೆ ಅಲ್ಲಿ?" ಅಡುಗೆಮನೆಯ ಕಿಟಕಿಯಿಂದ ಸುಲೋಚನಮ್ಮನ ದನಿ ಬಂತು.

ಅತ್ತೆಗೆ ಹೇಳಿದರೆ ಸಂಜೆಯೊಳಗೆ ಮೈಕಿನಲ್ಲಿ ಹಾಡಿಗಿಂತ ಮೊದಲು ಇದೇ ಕೇಳಿಸೀತು ಎಂದುಕೊಂಡಳು ಸುಮನಾ. ಮಹೇಶ್ವರನಿಗೂ ಹೇಳುವುದಿಲ್ಲ, ಮೇಷ್ಟ್ರಿಗೂ ಇಲ್ಲ. ಅವರ ಹಿತ್ತಲ ಬಾಗಿಲೇ ಹಾಡು ತೆಗೆಯಿತೆಂದು ಇರಲಿ.

"ಏನಿಲ್ಲ ಅತ್ತೆ, ಗಿಡ ಸ್ವಲ್ಪ ವಾಲಿತ್ತು" ಎಂದು ಹೇಳಿ, ಕೈ ತೊಳೆಯಲು ನಲ್ಲಿಯ ಕಡೆ ನಡೆದಳು.